ಹತ್ತು ಡಿಗ್ರಿ ಕಾಲುವೆ: ಅಂಡಮಾನ್ ಮತ್ತು ನಿಕೋಬಾರ್ ನಡುವಿನ ಸಮುದ್ರ

ಭಾರತದ ಭೂಪಟದಲ್ಲಿ ಬಂಗಾಳ ಕೊಲ್ಲಿಯ ಪೂರ್ವದಂಚಿನತ್ತ ಕಣ್ಣು ಹಾಯಿಸಿದರೆ, ಉತ್ತರದಿಂದ ದಕ್ಷಿಣಕ್ಕೆ ಬಿಲ್ಲಿನಂತೆ ಬಾಗಿ ನಿಂತ ದ್ವೀಪಗಳ ಸಾಲೊಂದು ಕಾಣುತ್ತದೆ. ಆಡಳಿತದ ದೃಷ್ಟಿಯಿಂದ ಇವೆಲ್ಲವೂ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶ. ಆದುದರಿಂದಲೇ ‘ಅಂಡಮಾನ್–ನಿಕೋಬಾರ್’ ಎಂಬ ಎರಡು ಹೆಸರುಗಳು ನಮ್ಮ ನಾಲಿಗೆಯ ಮೇಲೆ ಒಂದೇ ಪದದಂತೆ ಹೊರಳುತ್ತವೆ. ಆದರೆ ಈ ಸಾಲಿನ ನಡುವೆ ಒಂದು ಕಡೆ ದ್ವೀಪಗಳ ಸುಳಿವೇ ಇಲ್ಲದ ವಿಶಾಲವಾದ ತೆರಪಿದೆ. ಉತ್ತರದ ದಡದಲ್ಲಿ ಲಿಟಲ್ ಅಂಡಮಾನ್, ದಕ್ಷಿಣದ ದಡದಲ್ಲಿ ಕಾರ್ ನಿಕೋಬಾರ್. ನಡುವೆ ಸುಮಾರು 150 ಕಿಲೋಮೀಟರ್ ಅಗಲದ ಬರಿಯ ನೀರು. ಉತ್ತರ ಅಕ್ಷಾಂಶ 10 ಡಿಗ್ರಿ ರೇಖೆಯು ಈ ನೀರಿನ ಮೇಲೆ ಹಾದುಹೋಗುವುದರಿಂದ ಇದಕ್ಕೆ ಹತ್ತು ಡಿಗ್ರಿ ಕಾಲುವೆ ಎಂದು ಹೆಸರು.

ಕಾಲುವೆ ಎಂಬ ಮಾತು ಶಾಲೆಯ ಪಠ್ಯಪುಸ್ತಕಗಳಿಂದ ಬಂದು ರೂಢಿಯಾಗಿದೆ. ಆದರೆ ಅದನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಗದ್ದೆಗೆ ನೀರು ಹರಿಸುವ ನಾಲೆಯ ಚಿತ್ರ. ಇಲ್ಲಿರುವುದು ಅಂತಹುದಲ್ಲ. ಬೆಂಗಳೂರಿನಿಂದ ಮೈಸೂರಿಗಿರುವ ದೂರಕ್ಕಿಂತ ಹೆಚ್ಚು ಅಗಲವಾದ, ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣದ ತೆರೆದ ಸಮುದ್ರವಿದು. ಎರಡು ದ್ವೀಪಗಳ ನಡುವೆ ಎರಡು ಕಡಲುಗಳನ್ನು ಕೂಡಿಸುವ ಜಲಸಂಧಿ ಎಂದರೆ ಹೆಚ್ಚು ಸರಿಯಾದೀತು. ಪಶ್ಚಿಮದ ಬಂಗಾಳ ಕೊಲ್ಲಿಯೂ ಪೂರ್ವದ ಅಂಡಮಾನ್ ಸಮುದ್ರವೂ ಇಲ್ಲಿ ಒಂದಾಗುತ್ತವೆ.

ಸ್ಥಾನ ಮತ್ತು ಸ್ವರೂಪ

ಮಂಗಳೂರು, ಬೆಂಗಳೂರು, ಚೆನ್ನೈ ಈ ಮೂರೂ ನಗರಗಳು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದ ಮೇಲಿವೆ. ಆ ರೇಖೆಯನ್ನೇ ಪೂರ್ವಕ್ಕೆ ಎಳೆದುಕೊಂಡು ಹೋದರೆ ಅದು ಉತ್ತರ ಅಂಡಮಾನ್ ದ್ವೀಪವನ್ನು ಮುಟ್ಟುತ್ತದೆ. ಹತ್ತು ಡಿಗ್ರಿ ಕಾಲುವೆಯು ಇದಕ್ಕಿಂತ ದಕ್ಷಿಣಕ್ಕೆ, ಕೊಚ್ಚಿ ಮತ್ತು ಮದುರೈ ನಗರಗಳ ನೇರಕ್ಕೆ ಇದೆ. ಡಿಗ್ರಿಯ ಲೆಕ್ಕದಲ್ಲಿ ಹೆಸರು ಪಡೆದ ಕಾಲುವೆಗಳು ನಮ್ಮ ಸಮುದ್ರಗಳಲ್ಲಿ ಇನ್ನೂ ಇವೆ. ಎಂಟು ಡಿಗ್ರಿ ಮತ್ತು ಒಂಬತ್ತು ಡಿಗ್ರಿ ಕಾಲುವೆಗಳು ಅರಬ್ಬೀ ಸಮುದ್ರದಲ್ಲಿ ಮಿನಿಕಾಯ್ ದ್ವೀಪದ ಎರಡೂ ಪಕ್ಕಗಳಲ್ಲಿವೆ. ಆರು ಡಿಗ್ರಿ ಕಾಲುವೆಯು ಗ್ರೇಟ್ ನಿಕೋಬಾರ್ ದ್ವೀಪಕ್ಕೂ ಇಂಡೋನೇಷ್ಯಾದ ಸುಮಾತ್ರಾಕ್ಕೂ ನಡುವೆ ಇದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಇವುಗಳನ್ನು ಒಂದಕ್ಕೊಂದು ಬೆರೆಸಿ ಗೊಂದಲಕ್ಕೆ ಬೀಳುವುದುಂಟು.

ಲಿಟಲ್ ಅಂಡಮಾನ್ ಏಳುನೂರು ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರದ, ಬಹುಮಟ್ಟಿಗೆ ಕಾಡು ತುಂಬಿದ ದ್ವೀಪ. ಅದರ ಮುಖ್ಯ ಬಂದರು ಹಟ್ ಬೇ. ಕಾರ್ ನಿಕೋಬಾರ್ ಇದಕ್ಕಿಂತ ತೀರ ಚಿಕ್ಕದು; ಅದರ ವಿಸ್ತೀರ್ಣ ಸುಮಾರು 127 ಚದರ ಕಿಲೋಮೀಟರ್ ಮಾತ್ರ. ಹವಳದ ಸುಣ್ಣಕಲ್ಲನ್ನು ಹೊದ್ದ ಚಪ್ಪಟೆಯಾದ ನೆಲ, ಸುತ್ತ ತೆಂಗಿನ ತೋಪು. ನಿಕೋಬಾರ್ ಜಿಲ್ಲೆಯ ಆಡಳಿತ ಕೇಂದ್ರವೂ ಭಾರತೀಯ ವಾಯುಪಡೆಯ ಒಂದು ನೆಲೆಯೂ ಇಲ್ಲಿವೆ. ಕೇಂದ್ರಾಡಳಿತ ಪ್ರದೇಶದ ರಾಜಧಾನಿಯಾದ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿದೆ. ಅಲ್ಲಿಂದ ಕಾರ್ ನಿಕೋಬಾರ್ ಸುಮಾರು 270 ಕಿಲೋಮೀಟರ್ ದೂರ. ಈ ಹಾದಿಯಲ್ಲಿ ಲಿಟಲ್ ಅಂಡಮಾನ್ ಹಿಂದೆ ಸರಿದ ಬಳಿಕ ಗಾಳಿಗೆ ಮರೆಯಾಗಿ ನಿಲ್ಲುವ ನೆಲವೊಂದೂ ಇರುವುದಿಲ್ಲ. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯ ತೆರೆಗಳು ಈ ತೆರಪಿನ ಮೂಲಕ ನೇರವಾಗಿ ನುಗ್ಗುತ್ತವೆ.

ಮುಳುಗಿದ ಪರ್ವತಸಾಲು

ದ್ವೀಪಗಳೆಂದರೆ ನೀರಿನಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ ಎದ್ದ ನೆಲದ ತುಣುಕುಗಳೆಂದು ತಿಳಿಯುವುದು ಸಹಜ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ವಿಷಯದಲ್ಲಿ ಅದು ನಿಜವಲ್ಲ. ಮ್ಯಾನ್ಮಾರಿನ ಪಶ್ಚಿಮದಲ್ಲಿರುವ ಅರಕಾನ್ ಯೋಮಾ ಪರ್ವತಸಾಲು ದಕ್ಷಿಣಕ್ಕೆ ಇಳಿಯುತ್ತ ಸಮುದ್ರದಲ್ಲಿ ಮುಳುಗುತ್ತದೆ. ಮುಳುಗಿದರೂ ಅಲ್ಲಿಗೆ ಮುಗಿಯುವುದಿಲ್ಲ. ನೀರಿನಡಿಯಲ್ಲಿಯೇ ಮುಂದುವರಿದು ಸುಮಾತ್ರಾದ ಪಶ್ಚಿಮಕ್ಕಿರುವ ನಿಯಾಸ್, ಮೆಂತಾವಾಯ್ ಮೊದಲಾದ ದ್ವೀಪಗಳವರೆಗೂ ಹೋಗುತ್ತದೆ. ಈ ಸಾಲಿನ ಎತ್ತರದ ಭಾಗಗಳು ನೀರಿನಿಂದ ಹೊರಗೆ ತಲೆಯೆತ್ತಿದಲ್ಲೆಲ್ಲ ದ್ವೀಪಗಳಾಗಿವೆ. ಉತ್ತರ ಅಂಡಮಾನಿನ ಸ್ಯಾಡಲ್ ಶಿಖರ (732 ಮೀಟರ್) ಮತ್ತು ಗ್ರೇಟ್ ನಿಕೋಬಾರಿನ ಥುಲಿಯರ್ ಶಿಖರ (642 ಮೀಟರ್) ಇದರ ಎದ್ದುಕಾಣುವ ತುದಿಗಳು.

ಸಹ್ಯಾದ್ರಿಯನ್ನು ಬಲ್ಲವರು ಇದನ್ನು ಹೀಗೆ ಊಹಿಸಿಕೊಳ್ಳಬಹುದು. ಸಹ್ಯಾದ್ರಿಯ ಉದ್ದದ ಸಾಲಿನಲ್ಲಿ ಪಾಲಕ್ಕಾಡಿನ ಬಳಿ ಬೆಟ್ಟಗಳು ತಟ್ಟನೆ ತಗ್ಗಿ, ತಮಿಳುನಾಡಿನಿಂದ ಕೇರಳಕ್ಕೆ ರೈಲು ಮತ್ತು ರಸ್ತೆಗಳು ಸಾಗಲು ದಾರಿ ಬಿಟ್ಟಿವೆ. ಒಂದು ವೇಳೆ ಇಡೀ ಸಹ್ಯಾದ್ರಿ ಸಮುದ್ರದಲ್ಲಿ ಮುಳುಗಿ ಶಿಖರಗಳಷ್ಟೇ ಹೊರಗೆ ಉಳಿದರೆ, ಪಾಲಕ್ಕಾಡಿನ ಆ ತಗ್ಗು ಎರಡು ದ್ವೀಪಸಮೂಹಗಳ ನಡುವಿನ ಜಲಸಂಧಿಯಾಗುತ್ತದೆ. ಹತ್ತು ಡಿಗ್ರಿ ಕಾಲುವೆಯೂ ಅಂತಹುದೇ ಒಂದು ತಗ್ಗು. ಇಲ್ಲಿ ಪರ್ವತದ ಏಣು ತುಂಡಾಗಿಲ್ಲ, ಬಾಗಿದೆ. ಕಾಲುವೆಯ ಅತಿ ಆಳದ ದಾರಿಯಲ್ಲಿಯೂ ಹೊಸ್ತಿಲಿನಂತೆ ಅಡ್ಡಲಾಗಿ ನಿಂತಿರುವ ಈ ಏಣಿನ ಮೇಲೆ ಸುಮಾರು 800 ಮೀಟರ್ ನೀರಿದೆ. ಅದರ ಪೂರ್ವಕ್ಕೆ ಅಂಡಮಾನ್ ಸಮುದ್ರದ ತಳ ಕೆಲವೆಡೆ 4,000 ಮೀಟರಿಗೂ ಆಳಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ಇರುವುದು ಸುಂದಾ ಕಂದಕದ ಉತ್ತರ ಭಾಗ.

ಈ ಪರ್ವತಸಾಲು ಹುಟ್ಟಿದ ಬಗೆಯನ್ನು ತಿಳಿಯಲು ಆ ಕಂದಕದತ್ತಲೇ ನೋಡಬೇಕು. ಭೂಮಿಯ ಹೊರಪದರವು ಹಲವು ಫಲಕಗಳಾಗಿ ಒಡೆದಿದ್ದು, ಅವು ಸದಾ ನಿಧಾನವಾಗಿ ಚಲಿಸುತ್ತಿವೆ. ಭಾರತವನ್ನೂ ಬಂಗಾಳ ಕೊಲ್ಲಿಯ ತಳವನ್ನೂ ಹೊತ್ತ ಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತ, ಕಂದಕದ ಬಳಿ ಪೂರ್ವದ ಫಲಕದ ಅಡಿಗೆ ನುಗ್ಗುತ್ತದೆ. ಹಾಗೆ ನುಗ್ಗುವಾಗ ಅದರ ಬೆನ್ನಿನ ಮೇಲಿನ ಮೆಕ್ಕಲು ಒಳಕ್ಕೆ ಹೋಗದೆ ಮೇಲಿನ ಫಲಕದ ಅಂಚಿಗೆ ಕೆರೆದು ಸೇರಿಕೊಳ್ಳುತ್ತದೆ. ದೋಸೆಯ ಕಾವಲಿಯನ್ನು ಸಟ್ಟುಗದಿಂದ ಹೆರೆದಾಗ ಹಿಟ್ಟಿನ ಚಕ್ಕೆಗಳು ಸಟ್ಟುಗದ ಮುಂದೆ ಮಡಿಕೆ ಮಡಿಕೆಯಾಗಿ ಒಟ್ಟಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅಂಡಮಾನ್–ನಿಕೋಬಾರ್ ಏಣು ಬಹುಮಟ್ಟಿಗೆ ಹೀಗೆ ಒಟ್ಟಾದ, ಮಡಿಚಿದ, ಒಂದರ ಮೇಲೊಂದು ಹೇರಿದ ಕಲ್ಲುಗಳ ರಾಶಿ.

ಏಷ್ಯಾ ಖಂಡದ ನದಿಗಳು ಹೊತ್ತುತಂದ ಮರಳು ಮತ್ತು ಜೇಡಿ ಸಮುದ್ರದ ಆಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಮರಳುಗಲ್ಲು ಮತ್ತು ಜೇಡಿಕಲ್ಲುಗಳನ್ನು ದಕ್ಷಿಣ ಅಂಡಮಾನಿನ ಕಡಲದಂಡೆಗಳಲ್ಲಿ ಇಂದು ಕಣ್ಣಾರೆ ಕಾಣಬಹುದು. ಮಲಗಿರಬೇಕಾದ ಪದರಗಳು ಅಲ್ಲಿ ಗೋಡೆಯಂತೆ ನೆಟ್ಟಗೆ ನಿಂತಿವೆ. ಚಿಡಿಯಾ ಟಾಪು, ರಟ್‌ಲ್ಯಾಂಡ್ ಮುಂತಾದ ಕಡೆಗಳಲ್ಲಿ ಸಾಗರತಳದ ಕಪ್ಪು ಮತ್ತು ಹಸಿರುಛಾಯೆಯ ಶಿಲೆಗಳೇ ಮೇಲೆದ್ದು ಬಂದಿವೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಅಡಿಯಲ್ಲಿದ್ದ ನೆಲ ಈಗ ಕಾಡಿನ ಕಾಲುದಾರಿಯಾಗಿದೆ. ಬಾರಾಟಾಂಗ್ ದ್ವೀಪದ ಮಣ್ಣಿನ ಬುಗ್ಗೆಗಳು ಇದೇ ಒತ್ತಡದ ಇನ್ನೊಂದು ಗುರುತು. ಅಡಿಯಲ್ಲಿ ಹಿಂಡಲ್ಪಟ್ಟ ಕೆಸರು ಮತ್ತು ಅನಿಲ ಅಲ್ಲಿ ಬಿರುಕುಗಳಿಂದ ಮೇಲಕ್ಕೆ ಉಕ್ಕುತ್ತವೆ.

ಅಡಿಗೆ ಹೋದ ಫಲಕ ಸುಮ್ಮನಿರುವುದಿಲ್ಲ. ಅದು ಆಳಕ್ಕೆ ಇಳಿದಂತೆ ಅದರೊಳಗಿನ ನೀರು ಬಿಡುಗಡೆಯಾಗಿ, ಮೇಲಿನ ಬಿಸಿ ಶಿಲೆ ಕರಗಲು ಕಾರಣವಾಗುತ್ತದೆ. ಹಾಗೆ ಕರಗಿದ ಶಿಲೆ ಮೇಲೇರಿದ ಸ್ಥಳದಲ್ಲಿ ಬ್ಯಾರನ್ ದ್ವೀಪದ ಅಗ್ನಿಪರ್ವತವಿದೆ. ಇದು ಭಾರತದ ಏಕೈಕ ಜೀವಂತ ಅಗ್ನಿಪರ್ವತ. 1787ರಲ್ಲಿ ಇದರ ಸ್ಫೋಟವನ್ನು ದಾಖಲಿಸಲಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ತಣ್ಣಗಾದ ಪರ್ವತವು ಬಹುಕಾಲ ಮೌನವಾಗಿದ್ದು, 1991ರಲ್ಲಿ ಮತ್ತೆ ಕೆರಳಿತು. 2005ರಿಂದ ಈಚೆಗೆ ಆಗಾಗ ಹೊಗೆ, ಬೂದಿ ಮತ್ತು ಲಾವಾ ಉಗುಳುತ್ತಿದೆ. ಇನ್ನೂ ಸ್ವಲ್ಪ ಪೂರ್ವಕ್ಕೆ ಹೋದರೆ ಅಂಡಮಾನ್ ಸಮುದ್ರದ ತಳವೇ ಬಿರಿದು ಅಗಲವಾಗುತ್ತಿದೆ. ಸುಮಾರು 40 ಲಕ್ಷ ವರ್ಷಗಳಿಂದ ಅಲ್ಲಿ ಹೊಸ ಸಾಗರತಳ ಹುಟ್ಟುತ್ತಿದೆ. ಪಶ್ಚಿಮದಲ್ಲಿ ನೆಲ ಒಳಸರಿಯುವುದು, ಪೂರ್ವದಲ್ಲಿ ನೆಲ ಹೊಸದಾಗಿ ಹುಟ್ಟುವುದು, ನಡುವೆ ದ್ವೀಪಗಳು. ಕಾಲುವೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಹಡಗು ಒಂದು ಫಲಕದಿಂದ ಇನ್ನೊಂದು ಫಲಕದ ಮೇಲಕ್ಕೆ ದಾಟುತ್ತದೆ, ಅದರಲ್ಲಿರುವವರಿಗೆ ಅದರ ಅರಿವೂ ಆಗುವುದಿಲ್ಲ.

ನೀರಿನೊಳಗಿನ ತೆರೆಗಳು

ಕಾಲುವೆಯ ತಳದಲ್ಲಿರುವ ಹೊಸ್ತಿಲು ಮೇಲಿನ ನೀರಿನ ನಡತೆಯನ್ನೂ ನಿರ್ಧರಿಸುತ್ತದೆ. ಇರಾವತಿ ಮತ್ತು ಸಾಲ್ವೀನ್ ನದಿಗಳ ಸಿಹಿನೀರು ಸೇರುವುದರಿಂದ ಅಂಡಮಾನ್ ಸಮುದ್ರದ ಮೇಲ್ಪದರ ಹಗುರವಾಗಿದೆ, ಬೆಚ್ಚಗಿದೆ. ಅಡಿಯ ನೀರು ತಂಪು ಮತ್ತು ಭಾರ. ಸೀಸೆಯಲ್ಲಿ ನೀರಿನ ಮೇಲೆ ಎಣ್ಣೆ ತೇಲಿಸಿ ಅಲುಗಾಡಿಸಿದರೆ ಎರಡೂ ಸೇರುವ ಗೆರೆಯಲ್ಲಿ ತೆರೆಗಳು ಏಳುತ್ತವೆ. ಇಲ್ಲಿ ಆಗುವುದೂ ಅದೇ. ದಿನಕ್ಕೆರಡು ಬಾರಿ ಉಬ್ಬರವಿಳಿತದ ನೀರು ದ್ವೀಪಗಳ ನಡುವಿನ ಹೊಸ್ತಿಲುಗಳನ್ನು ದಾಟುವಾಗ ಎರಡು ಪದರಗಳ ನಡುವಿನ ಗೆರೆ ಕುಲುಕಿ, ನೀರಿನೊಳಗೇ ದೈತ್ಯಾಕಾರದ ತೆರೆಗಳು ಹುಟ್ಟುತ್ತವೆ. ಅಂಡಮಾನ್ ಸಮುದ್ರದಲ್ಲಿ ಇಂತಹ ತೆರೆಗಳ ಎತ್ತರ 80 ಮೀಟರಿನಷ್ಟು ಇರುವುದನ್ನು 1960ರ ದಶಕದಲ್ಲಿಯೇ ಅಳೆಯಲಾಯಿತು. ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ಈ ತೆರೆ ಹಡಗಿನ ಕೆಳಗೆ ಹಾದುಹೋದರೂ ಮೇಲೆ ಅದರ ಅಬ್ಬರವಿರುವುದಿಲ್ಲ. ಶಾಂತವಾದ ಸಮುದ್ರದಲ್ಲಿ ಇದ್ದಕ್ಕಿದ್ದಂತೆ ಕುದಿಯುವ ನೀರಿನಂತಹ ಉದ್ದನೆಯ ಪಟ್ಟೆಯೊಂದು ಕಾಣಿಸಿಕೊಂಡು, ಸದ್ದು ಮಾಡುತ್ತ ಸಾಗಿ ಮರೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಾವಿಕರನ್ನು ಈ ಪಟ್ಟೆಗಳು ಬೆರಗುಗೊಳಿಸಿದ್ದವು. 1970ರ ದಶಕದಿಂದ ಬಾಹ್ಯಾಕಾಶದ ಚಿತ್ರಗಳಲ್ಲಿ ಅವು ಬಳೆಯ ತುಂಡುಗಳಂತೆ ಒಂದರ ಹಿಂದೊಂದು ಸಾಲಾಗಿ ಗೋಚರಿಸಿದ ಮೇಲೆ ಅವುಗಳ ವಿಸ್ತಾರ ಸ್ಪಷ್ಟವಾಯಿತು.

ಎರಡು ದಡ, ಎರಡು ಜೀವಲೋಕ

ಸುಮಾರು 20,000 ವರ್ಷಗಳ ಹಿಂದೆ, ಭೂಮಿಯ ನೀರಿನ ಒಂದು ಭಾಗ ಹಿಮವಾಗಿ ನಿಂತಿದ್ದ ಕಾಲದಲ್ಲಿ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಪಾಕ್ ಜಲಸಂಧಿಯ ತಳ ಒಣಗಿ ಶ್ರೀಲಂಕಾ ಭಾರತಕ್ಕೆ ಅಂಟಿಕೊಂಡಿತ್ತು. ಈಗ ಬೇರೆಬೇರೆಯಾಗಿರುವ ಉತ್ತರ, ಮಧ್ಯ ಮತ್ತು ದಕ್ಷಿಣ ಅಂಡಮಾನ್‌ಗಳು ಒಂದೇ ನೆಲವಾಗಿದ್ದವು. ಆದರೆ 800 ಮೀಟರ್ ಆಳದ ಹೊಸ್ತಿಲಿಗೆ 120 ಮೀಟರ್ ಇಳಿತ ಏನೂ ಅಲ್ಲ. ಹತ್ತು ಡಿಗ್ರಿ ಕಾಲುವೆ ಆಗಲೂ ಸಮುದ್ರವಾಗಿಯೇ ಉಳಿಯಿತು. ಈಜಲಾರದ, ಹಾರಲಾರದ ಜೀವಿಗಳಿಗೆ ಇಲ್ಲಿ ದಾಟುವ ದಾರಿ ಎಂದೂ ಇರಲಿಲ್ಲ.

ಇದರ ಪರಿಣಾಮ ಇಂದಿಗೂ ಕಾಡುಗಳಲ್ಲಿ ಕಾಣುತ್ತದೆ. ಅಂಡಮಾನಿನ ಕಾಡುಗಳು ಮ್ಯಾನ್ಮಾರಿನ ಕಾಡುಗಳಿಗೆ ಹತ್ತಿರದವು. ಗರ್ಜನ್ ಜಾತಿಯ ಎತ್ತರದ ಮರಗಳೂ ಪೀಠೋಪಕರಣಗಳಿಗೆ ಹೆಸರಾದ ಕೆಂಪು ಪಡೌಕ್ ಮರವೂ ಅಲ್ಲಿಯ ಸಂಪತ್ತು. ಕಾಲುವೆಯನ್ನು ದಾಟಿದರೆ ನಿಕೋಬಾರಿನ ಕಾಡುಗಳಲ್ಲಿ ಅವು ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಅದಕ್ಕೆ ಬದಲಾಗಿ ಅಂಡಮಾನಿನಲ್ಲಿಲ್ಲದ ಮರದಾಕಾರದ ಜರಿಗಿಡಗಳು ಅಲ್ಲಿವೆ. ಅಂಡಮಾನಿನ ಕಾಡುಗಳಿಗೆ ಕೋತಿಗಳು ಮೂಲತಃ ಸೇರಿದವಲ್ಲ. ದಕ್ಷಿಣದ ಗ್ರೇಟ್ ನಿಕೋಬಾರ್, ಲಿಟಲ್ ನಿಕೋಬಾರ್ ಮತ್ತು ಕಚ್ಚಾಲ್ ದ್ವೀಪಗಳಲ್ಲಿ ಉದ್ದಬಾಲದ ಕೋತಿಗಳಿವೆ. ಅವುಗಳ ಬಂಧುಗಳು ಸುಮಾತ್ರಾ ಮತ್ತು ಮಲಯದ ಕಡೆಯವು. ಮೆಗಾಪೋಡ್ ಎಂಬ ಹಕ್ಕಿಯ ವಿಷಯ ಇನ್ನೂ ವಿಚಿತ್ರ. ಅದು ಮೊಟ್ಟೆಗೆ ಕಾವು ಕೊಡುವುದಿಲ್ಲ. ಕಡಲದಂಡೆಯ ಬಳಿ ಮರಳು ಮತ್ತು ಕೊಳೆತ ಎಲೆಗಳ ದೊಡ್ಡ ದಿಬ್ಬ ಮಾಡಿ ಅದರೊಳಗೆ ಮೊಟ್ಟೆ ಹೂಳುತ್ತದೆ. ಎಲೆ ಕೊಳೆಯುವ ಶಾಖದಿಂದಲೇ ಮರಿಗಳು ಹೊರಬರುತ್ತವೆ. ನಿಕೋಬಾರಿನ ಈ ಹಕ್ಕಿಯ ಹತ್ತಿರದ ಬಂಧುಗಳನ್ನು ಕಾಣಬೇಕಾದರೆ ಬೋರ್ನಿಯೊ, ಫಿಲಿಪ್ಪೀನ್ಸ್‌ಗಳವರೆಗೆ ಹೋಗಬೇಕು. ಜಗತ್ತಿನ ಜೀವವೈವಿಧ್ಯದ ವಲಯಗಳನ್ನು ಗುರುತಿಸುವ ವಿಜ್ಞಾನಿಗಳು ಅಂಡಮಾನನ್ನು ಇಂಡೋ–ಬರ್ಮಾ ವಲಯಕ್ಕೂ ನಿಕೋಬಾರನ್ನು ಸುಂದಾ ವಲಯಕ್ಕೂ ಸೇರಿಸಿರುವುದು ಇದೇ ಕಾರಣಕ್ಕೆ.

ಮನುಷ್ಯರ ವಿಷಯದಲ್ಲಿಯೂ ಈ ನೀರು ಗಡಿಯಾಗಿದೆ. ಲಿಟಲ್ ಅಂಡಮಾನಿನ ಮೂಲನಿವಾಸಿಗಳಾದ ಓಂಗೆಯರು ಬೇಟೆ, ಮೀನುಗಾರಿಕೆ ಮತ್ತು ಕಾಡಿನ ಗೆಡ್ಡೆಗೆಣಸುಗಳಿಂದ ಬದುಕಿದ ಜನ. ಇಂದು ಅವರ ಸಂಖ್ಯೆ ನೂರರ ಆಸುಪಾಸು ಮಾತ್ರ. ಕಾರ್ ನಿಕೋಬಾರಿನ ನಿಕೋಬಾರಿಗಳು ತೆಂಗು, ಕೇದಗೆ ಜಾತಿಯ ಹಣ್ಣು ಮತ್ತು ಹಂದಿಸಾಕಣೆಯನ್ನು ಆಧರಿಸಿದ ಗ್ರಾಮವಾಸಿಗಳು. ಅವರ ಭಾಷೆ ಮೇಘಾಲಯದ ಖಾಸಿ ಹಾಗೂ ಜಾರ್ಖಂಡಿನ ಮುಂಡಾರಿ, ಸಂತಾಲಿ ಭಾಷೆಗಳಿರುವ ದೊಡ್ಡ ಕುಟುಂಬಕ್ಕೆ ಸೇರಿದ್ದು. ಓಂಗೆ ಭಾಷೆಗೂ ಅದಕ್ಕೂ ಸಂಬಂಧವಿಲ್ಲ. ರಾಜಕೀಯ ಇತಿಹಾಸವೂ ಬಹುಕಾಲ ಬೇರೆಬೇರೆಯಾಗಿಯೇ ನಡೆಯಿತು. ರಾಜೇಂದ್ರ ಚೋಳನ ತಂಜಾವೂರು ಶಾಸನದಲ್ಲಿ ಬರುವ ‘ಮಾನಕ್ಕವಾರಂ’ ನಿಕೋಬಾರ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1756ರಲ್ಲಿ ಡೆನ್ಮಾರ್ಕಿನವರು ನಿಕೋಬಾರನ್ನು ತಮ್ಮದೆಂದು ಸಾರಿದರು. 1858ರಲ್ಲಿ ಬ್ರಿಟಿಷರು ಅಂಡಮಾನಿನಲ್ಲಿ ಕೈದಿಗಳ ವಸಾಹತು ತೆರೆದಾಗ ಕಾಲುವೆಯ ಆಚೆ ಇನ್ನೂ ಡೆನ್ಮಾರ್ಕಿನ ಹಕ್ಕೇ ಇತ್ತು. 1869ರಲ್ಲಿ ನಿಕೋಬಾರ್ ಬ್ರಿಟಿಷರ ವಶಕ್ಕೆ ಬಂದ ಮೇಲೆಯೇ ಎರಡೂ ಸಮೂಹಗಳು ಒಂದು ಆಡಳಿತದಡಿ ಸೇರಿದವು. 1974ರಲ್ಲಿ ನಿಕೋಬಾರ್ ಪ್ರತ್ಯೇಕ ಜಿಲ್ಲೆಯಾಯಿತು; ಅಂದಿನಿಂದ ಜಿಲ್ಲೆಯ ಗಡಿಯೂ ಇದೇ ಕಾಲುವೆ. ಮೂಲನಿವಾಸಿಗಳ ರಕ್ಷಣೆಗಾಗಿ 1956ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಮೀಸಲು ಪ್ರದೇಶಗಳಿಗೆ ಹೊರಗಿನವರು ಅನುಮತಿಯಿಲ್ಲದೆ ಹೋಗುವಂತಿಲ್ಲ.

2004ರ ಡಿಸೆಂಬರ್ 26

ಮರ, ಹಕ್ಕಿ, ಭಾಷೆ, ಆಡಳಿತ ಎಲ್ಲವನ್ನೂ ಬೇರ್ಪಡಿಸಿದ ಈ ಗಡಿಗೆ ನೆಲದಾಳದಲ್ಲಿ ಮಾತ್ರ ಯಾವ ಬೆಲೆಯೂ ಇಲ್ಲವೆಂಬುದು ಅಂದು ಬೆಳಗ್ಗೆ ತಿಳಿಯಿತು.

ಕೆಳಗೆ ನುಗ್ಗುವ ಫಲಕ ಸರಾಗವಾಗಿ ಜಾರುವುದಿಲ್ಲ. ಎರಡು ಫಲಕಗಳು ಉಜ್ಜುವ ಜಾಗ ಕಚ್ಚಿಕೊಂಡು, ಶತಮಾನಗಳವರೆಗೆ ಒತ್ತಡ ಸೇರುತ್ತ ಹೋಗಿ, ಕೊನೆಗೊಮ್ಮೆ ಕಳಚುತ್ತದೆ. ಚಿಕ್ಕ ಪ್ರಮಾಣದಲ್ಲಿ ಇದು ಹಿಂದೆಯೂ ಆಗಿತ್ತು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರಿನ ಬಳಿ 7.9ರಷ್ಟು ಪ್ರಮಾಣದ ಭೂಕಂಪವಾಗಿ, ಅದರಿಂದ ಎದ್ದ ಸುನಾಮಿಯನ್ನು ಬಂಗಾಳ ಕೊಲ್ಲಿಯ ಸುತ್ತಲಿನ ಬಂದರುಗಳ ಉಬ್ಬರಮಾಪಕಗಳು ದಾಖಲಿಸಿದ್ದವು. ಆ ಅಲೆ ಒಂದು ಮೀಟರನ್ನೂ ಮುಟ್ಟಿರಲಿಲ್ಲ. 1941ರ ಜೂನ್ 26ರಂದು ಅಂಡಮಾನಿನಲ್ಲಿ ಇನ್ನೊಂದು ದೊಡ್ಡ ಭೂಕಂಪವಾಯಿತು. ಇವೆರಡೂ ಒಂದೊಂದು ತುಂಡು ಕಳಚಿದ ಘಟನೆಗಳು. ಆದ್ದರಿಂದ ಇಡೀ ಸಾಲು ಒಂದೇ ಏಟಿಗೆ ಕಳಚೀತೆಂಬ ನಿರೀಕ್ಷೆ ಯಾರಿಗೂ ಇರಲಿಲ್ಲ.

2004ರಲ್ಲಿ ಭಾರತೀಯ ಕಾಲಮಾನ ಬೆಳಗ್ಗೆ 6 ಗಂಟೆ 28 ನಿಮಿಷಕ್ಕೆ ಸುಮಾತ್ರಾದ ವಾಯವ್ಯ ಕರಾವಳಿಯ ಬಳಿ ಬಿರುಕು ಆರಂಭವಾಯಿತು. ಅದು ಸೆಕೆಂಡಿಗೆ ಎರಡರಿಂದ ಮೂರು ಕಿಲೋಮೀಟರ್ ವೇಗದಲ್ಲಿ ಉತ್ತರಕ್ಕೆ ಓಡಿತು. ಆರು ಡಿಗ್ರಿ ಕಾಲುವೆಯ ಅಡಿಯಲ್ಲಿ ಹಾದು, ನಿಕೋಬಾರ್ ದ್ವೀಪಗಳನ್ನು ದಾಟಿ, ಹತ್ತು ಡಿಗ್ರಿ ಕಾಲುವೆಯ ಬಳಿಯೂ ನಿಲ್ಲದೆ, ಉತ್ತರ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಹರಡಿತು. ಇದಕ್ಕೆ ಹಿಡಿದದ್ದು ಎಂಟರಿಂದ ಹತ್ತು ನಿಮಿಷ. ಭೂಕಂಪದ ಪ್ರಮಾಣ 9.1. ದ್ವೀಪಗಳು ಒಂದೂವರೆಯಿಂದ ಆರೂವರೆ ಮೀಟರಿನಷ್ಟು ನೈಋತ್ಯದ ಕಡೆಗೆ ಸರಿದವೆಂದು ಉಪಗ್ರಹ ಆಧಾರಿತ ಮಾಪನಗಳು ತೋರಿಸಿದವು. ಉತ್ತರ ಅಂಡಮಾನಿನ ಪಶ್ಚಿಮ ತೀರ ಒಂದು ಮೀಟರಿಗೂ ಮಿಕ್ಕು ಮೇಲೆದ್ದು, ಅಲ್ಲಿಯ ಹವಳಗಳು ನೀರಿನಿಂದ ಹೊರಬಿದ್ದು ಬಿಸಿಲಿಗೆ ಸತ್ತವು. ಪೋರ್ಟ್ ಬ್ಲೇರ್ ಮತ್ತು ಕಾರ್ ನಿಕೋಬಾರ್ ಎರಡೂ ಸುಮಾರು ಒಂದೊಂದು ಮೀಟರ್ ಕುಸಿದವು. ದೇಶದ ದಕ್ಷಿಣದ ತುದಿಯಾದ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ 4.25 ಮೀಟರ್ ಕೆಳಗಿಳಿದು, ಅಲ್ಲಿಯ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಒಟ್ಟಿನಲ್ಲಿ ಕಾಲುವೆಯ ದಕ್ಷಿಣಕ್ಕೆ ಜಾರಿದ್ದು ಹೆಚ್ಚು, ಉತ್ತರಕ್ಕೆ ಕಡಿಮೆ. ಪ್ರಾಣಹಾನಿಯೂ ಇದೇ ಕ್ರಮದಲ್ಲಿ ಆಯಿತು.

ಸಮುದ್ರದ ತಳ ಮೇಲೆ ಕೆಳಗೆ ಆದಾಗ ಅದರ ಮೇಲಿನ ನೀರೆಲ್ಲ ಕದಲುತ್ತದೆ, ಅದೇ ಸುನಾಮಿ. ಅದರ ವೇಗ ನೀರಿನ ಆಳವನ್ನು ಅವಲಂಬಿಸಿರುತ್ತದೆ. 4,000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, 800 ಮೀಟರ್ ಆಳದಲ್ಲಿ ಸುಮಾರು 320, ದಡದ ಬಳಿ 50 ಮೀಟರ್ ಆಳದಲ್ಲಿ ಸುಮಾರು 80. ವೇಗ ಕುಗ್ಗಿದಂತೆ ಅಲೆಯ ಎತ್ತರ ಹೆಚ್ಚುತ್ತದೆ. ಕಾರ್ ನಿಕೋಬಾರಿಗೆ ಬಿರುಕೇ ಹತ್ತಿರವಿದ್ದುದರಿಂದ ನೆಲದ ನಡುಕ ಮರೆಯುವ ಮೊದಲೇ ಅಲೆಗಳು ಬಂದವು. ಹಿಂದಿನ ದಿನ ಕ್ರಿಸ್‌ಮಸ್. ನಿಕೋಬಾರಿಗಳಲ್ಲಿ ಬಹುಪಾಲು ಜನ ಕ್ರೈಸ್ತರು. ಹಬ್ಬದ ಮರುದಿನದ ಭಾನುವಾರ ಬೆಳಗ್ಗೆ ಕಡಲದಂಡೆಯ ಗ್ರಾಮಗಳು ಕೊಚ್ಚಿಹೋದವು. ವಾಯುಪಡೆಯ ನೆಲೆಯಲ್ಲಿ ಸಿಬ್ಬಂದಿ ಮತ್ತು ಅವರ ಕುಟುಂಬದವರು ಸೇರಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಕೇಂದ್ರಾಡಳಿತ ಪ್ರದೇಶದಲ್ಲಿ ಸತ್ತವರು ಮತ್ತು ಕಾಣೆಯಾದವರು ಮೂರು ಸಾವಿರಕ್ಕೂ ಹೆಚ್ಚು. ಮೆಗಾಪೋಡ್ ಹಕ್ಕಿಗಳ ದಿಬ್ಬಗಳೂ ಕಡಲದಂಡೆಯ ಕಾಡಿನೊಂದಿಗೆ ಬಹುಮಟ್ಟಿಗೆ ನಾಶವಾದವು. ಕಾಲುವೆಯ ಆಚೆ ದಡದಲ್ಲಿ, ಲಿಟಲ್ ಅಂಡಮಾನಿನ ಹಟ್ ಬೇ ಪಟ್ಟಣವೂ ಹಾಳಾಯಿತು. ಆದರೆ ಅದೇ ದ್ವೀಪದ ಓಂಗೆಯರು ನೆಲ ನಡುಗಿದೊಡನೆ ಎತ್ತರದ ಕಾಡಿಗೆ ಸರಿದು ಬದುಕಿಕೊಂಡರು. ಅವರ ಕೈಯಲ್ಲಿ ಯಾವ ಮಾಪಕವೂ ಇರಲಿಲ್ಲ, ಯಾರೂ ಅವರಿಗೆ ಎಚ್ಚರಿಕೆ ಕಳುಹಿಸಿರಲಿಲ್ಲ.

ಅಲೆಯು ಬಂಗಾಳ ಕೊಲ್ಲಿಯನ್ನು ದಾಟಿ ಚೆನ್ನೈಯನ್ನು ಮುಟ್ಟಿದ್ದು ಸುಮಾರು 9 ಗಂಟೆಗೆ, ಅಂದರೆ ಭೂಕಂಪವಾಗಿ ಎರಡೂವರೆ ಗಂಟೆಯ ನಂತರ. ಮರೀನಾ ಕಡಲದಂಡೆಯಲ್ಲಿ ಅಷ್ಟು ಹೊತ್ತಿಗೆ ವಾಯುವಿಹಾರಕ್ಕೆ ಬಂದವರು, ಮೀನುಗಾರರು, ಕ್ರಿಕೆಟ್ ಆಡುವ ಹುಡುಗರು ತುಂಬಿದ್ದರು. ಎರಡೂವರೆ ಗಂಟೆ ಕಡಿಮೆ ಕಾಲವೇನಲ್ಲ. ಆದರೆ ಸುದ್ದಿಯನ್ನು ದಂಡೆಗೆ ಮುಟ್ಟಿಸುವ ವ್ಯವಸ್ಥೆ ಆಗ ಹಿಂದೂ ಮಹಾಸಾಗರದಲ್ಲಿ ಎಲ್ಲಿಯೂ ಇರಲಿಲ್ಲ.

ಎಚ್ಚರಿಕೆಯ ವ್ಯವಸ್ಥೆ

ಆ ಕೊರತೆಯನ್ನು ತುಂಬಲು 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರದಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ದಖ್ಖನ್ ಪ್ರಸ್ಥಭೂಮಿಯ ಮೇಲೆ ಕುಳಿತು ಈ ಕೇಂದ್ರವು ಕಂದಕದ ಪ್ರತಿಯೊಂದು ಅಲುಗಾಟವನ್ನೂ ಹಗಲಿರುಳು ಗಮನಿಸುತ್ತದೆ. ಭೂಕಂಪಮಾಪಕಗಳು ಮೊದಲ ಸುಳಿವು ಕೊಡುತ್ತವೆ. ಆದರೆ ಎಲ್ಲ ಭೂಕಂಪವೂ ಸುನಾಮಿ ತರುವುದಿಲ್ಲ. ಅಲೆ ನಿಜವಾಗಿಯೂ ಎದ್ದಿದೆಯೇ ಎಂಬುದನ್ನು ಸಾಗರತಳದಲ್ಲಿಟ್ಟ ಒತ್ತಡಮಾಪಕಗಳು ಮತ್ತು ಬಂದರುಗಳ ಉಬ್ಬರಮಾಪಕಗಳು ತಿಳಿಸುತ್ತವೆ. 2011ರಿಂದ ಈ ಕೇಂದ್ರವು ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ಕೇಂದ್ರಗಳೊಡನೆ ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಮಾಹಿತಿ ನೀಡುತ್ತಿದೆ.

2012ರ ಏಪ್ರಿಲ್ 11ರಂದು ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಎದುರಾಯಿತು. ಸುಮಾತ್ರಾದ ಪಶ್ಚಿಮಕ್ಕೆ 8.6 ಪ್ರಮಾಣದ ಭೂಕಂಪವಾಗಿ ಚೆನ್ನೈ, ಬೆಂಗಳೂರುಗಳಲ್ಲಿಯೂ ಜನ ಕಟ್ಟಡಗಳಿಂದ ಹೊರಗೆ ಓಡಿಬಂದರು. ಆದರೆ ಅಲ್ಲಿ ಸಾಗರತಳದ ಎರಡು ಭಾಗಗಳು ಒಂದರ ಪಕ್ಕದಲ್ಲಿ ಇನ್ನೊಂದು ಅಡ್ಡಲಾಗಿ ಜಾರಿದ್ದವು. ನೀರನ್ನು ಮೇಲೆತ್ತುವ ಚಲನೆ ಕಡಿಮೆಯಿತ್ತು. ಸಣ್ಣ ಅಲೆಗಳಷ್ಟೇ ಎದ್ದುದರಿಂದ ಎಚ್ಚರಿಕೆಯನ್ನು ಕೆಲವು ಗಂಟೆಗಳಲ್ಲಿ ಹಿಂತೆಗೆದುಕೊಳ್ಳಲಾಯಿತು.

ಇಲ್ಲಿ ದೂರದ ದಡಕ್ಕೂ ಹತ್ತಿರದ ದಡಕ್ಕೂ ಇರುವ ವ್ಯತ್ಯಾಸವನ್ನು ಓದುಗರು ಮನಗಾಣಬೇಕು. ಚೆನ್ನೈ, ವಿಶಾಖಪಟ್ಟಣಗಳಂತಹ ನಗರಗಳಿಗೆ ಕೇಂದ್ರದ ಪ್ರಕಟಣೆಯ ನಂತರವೂ ಎರಡು ಗಂಟೆಗಳಷ್ಟು ಅವಕಾಶವಿರುತ್ತದೆ. ಅಧಿಕಾರಿಗಳು ಹೇಳುವವರೆಗೆ ದಂಡೆಗೆ ಹಿಂತಿರುಗದೆ ಇದ್ದರೆ ಸಾಕು. ಹತ್ತು ಡಿಗ್ರಿ ಕಾಲುವೆಯ ಎರಡೂ ದಡಗಳಿಗೆ ಅಂತಹ ಅವಕಾಶವಿಲ್ಲ. ಅಲ್ಲಿ ನಿಂತುಕೊಳ್ಳಲಾಗದಷ್ಟು ಬಲವಾಗಿ ಅಥವಾ ಬಹಳ ಹೊತ್ತು ನೆಲ ನಡುಗಿದರೆ ಅದನ್ನೇ ಎಚ್ಚರಿಕೆಯೆಂದು ತಿಳಿದು ಕೂಡಲೇ ಎತ್ತರಕ್ಕೆ ಹೋಗಬೇಕು. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಾಣಿಸಿದರೂ ಅಷ್ಟೇ. ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ. ಅಲೆಗಳು ಗಂಟೆಗಟ್ಟಲೆ ಒಂದರ ನಂತರ ಒಂದು ಬರಬಹುದು. ಚೆನ್ನೈಯಿಂದಲೋ ಮುಂಬಯಿಯಿಂದಲೋ ಪ್ರವಾಸಕ್ಕೆಂದು ಅಂಡಮಾನಿಗೆ ಹೋಗುವವರು ತಾವು ತಂಗಿದ ಸ್ಥಳದಿಂದ ಎತ್ತರದ ನೆಲ ಯಾವ ಕಡೆಗಿದೆ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕಾರ್ ನಿಕೋಬಾರಿನ ಗ್ರಾಮಗಳನ್ನು 2004ರ ನಂತರ ದಂಡೆಯಿಂದ ದೂರ, ದ್ವೀಪದ ಒಳಭಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ನೆಲ ಕುಸಿದ ಕಡೆಗಳಲ್ಲಿ ಹಳೆಯ ತೋಪುಗಳ ಜಾಗ ಈಗ ಉಬ್ಬರದ ನೀರಿನ ಪಾಲಾಗಿದೆ. ಹೊಸ ತೆಂಗಿನ ಸಸಿಗಳನ್ನು ಮೇಲಿನ ನೆಲದಲ್ಲಿ ನೆಟ್ಟಿದ್ದಾರೆ. ದ್ವೀಪಗಳಲ್ಲಿ ನೆಲೆಗೊಳಿಸಿದ ಉಪಗ್ರಹ ಮಾಪಕಗಳ ಪ್ರಕಾರ, ಭೂಕಂಪ ಮುಗಿದ ಮೇಲೂ ಹಲವು ವರ್ಷಗಳವರೆಗೆ ಕಾಲುವೆಯ ಎರಡೂ ಕಡೆಯ ನೆಲ ನೈಋತ್ಯಕ್ಕೆ ನಿಧಾನವಾಗಿ ಸರಿಯುತ್ತಲೇ ಇತ್ತು.